ನಿಮಗಿದು ಗೊತ್ತೇ? ನಾಯಿಗೆ ಈಜು ಬಂದರೆ ಸಾಲದು, ದಡ ಗೊತ್ತಿರಬೇಕು

ಬೆಂಗಳೂರಿನ ಹೊರವಲಯದ ವಿಲ್ಲಾಗಳಲ್ಲಿ, ಸಕಲೇಶಪುರ, ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ, ಊರಾಚೆಯ ಫಾರ್ಮ್‌ಹೌಸ್‌ಗಳಲ್ಲಿ ಈಗ ಈಜುಕೊಳ ಅಪರೂಪವೇನಲ್ಲ. ರಜೆಗೆ ಹೊರಟ ಮನೆಮಂದಿಯ ಜೊತೆ ನಾಯಿಯೂ ಕಾರು ಹತ್ತುತ್ತದೆ. ಮಕ್ಕಳು ನೀರಿಗೆ ಧುಮುಕುತ್ತಾರೆ, ನಾಯಿ ದಂಡೆಯ ಮೇಲೆ ಬೊಗಳುತ್ತಾ ಸುತ್ತು ಹಾಕುತ್ತದೆ. "ನಾಯಿಗೆ ಈಜು ಹುಟ್ಟಿನಿಂದಲೇ ಬರುತ್ತೆ ಬಿಡಿ" ಎಂಬ ಮಾತಿನ ಮೇಲೆ ಭಾರ ಹಾಕಿ ದೊಡ್ಡವರು ನಿಶ್ಚಿಂತರಾಗುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ಗೊತ್ತಿದ್ದರೆ ಒಂದು ಜೀವ ಉಳಿಯುತ್ತದೆ.

ಹುಟ್ಟು ಈಜುಗಾರರೇ?

1. ನೀರಿಗೆ ಬಿದ್ದ ನಾಯಿ ಕಾಲು ಬಡಿಯುತ್ತದೆ. ಅದು ಹುಟ್ಟುಗುಣ. ಆದರೆ ಮೂಗನ್ನು ನೀರಿನ ಮೇಲೆ ಹಿಡಿದುಕೊಂಡು, ಬೇಕಾದ ಕಡೆ ಸಾಗಿ, ದಡ ಹತ್ತುವುದನ್ನು ಪ್ರತಿ ನಾಯಿಯೂ ಕಲಿಯಬೇಕು. ಕೆಲವು ತಳಿಗಳಿಗೆ ಕಲಿತರೂ ಅದು ಕಷ್ಟವೇ.

2. ನಾಯಿ ಈಜುವುದೆಂದರೆ ನೀರಿನಲ್ಲಿ ಓಡಿದಂತೆಯೇ. ಅಮೆರಿಕದ ವೆಸ್ಟ್ ಚೆಸ್ಟರ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಫ್ರಾಂಕ್ ಫಿಶ್ ಬೇರೆ ಬೇರೆ ತಳಿಯ ನಾಯಿಗಳ ಈಜನ್ನು ನೀರಿನಡಿಯಿಂದ ಚಿತ್ರೀಕರಿಸಿ, 2014ರಲ್ಲಿ ಫಲಿತಾಂಶ ಮುಂದಿಟ್ಟರು. ನೆಲದ ಮೇಲೆ ಹದವಾದ ವೇಗದಲ್ಲಿ ಓಡುವಾಗ ಕಾಲುಗಳು ಕರ್ಣದ ಜೋಡಿಯಾಗಿ ಚಲಿಸುತ್ತವಲ್ಲ, ನೀರಿನಲ್ಲೂ ಹೆಚ್ಚುಕಡಿಮೆ ಅದೇ ಕ್ರಮ. ಅಂದರೆ ಈಜುತ್ತಿರುವ ನಾಯಿ ಬಿಡುವಿಲ್ಲದೆ ಓಡುತ್ತಿದೆ. ಸುಸ್ತು ಬೇಗ ಬರುತ್ತದೆ.

3. ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳು ಮೂಗು ಮೇಲಿಡಲು ಇಡೀ ತಲೆಯನ್ನೇ ಹಿಂದಕ್ಕೆ ಎತ್ತಬೇಕು. ತಲೆ ಎತ್ತಿದ ಕೂಡಲೇ ಹಿಂಭಾಗ ಕೆಳಗಿಳಿದು ದೇಹ ನೆಟ್ಟಗೆ ನಿಲ್ಲುತ್ತದೆ. ಅಲ್ಲಿಂದ ಮುಳುಗಲು ಹೆಚ್ಚು ಹೊತ್ತು ಬೇಡ. ಮೊದಲೇ ಉಸಿರಾಟ ಕಷ್ಟದ ತಳಿಗಳಿವು. ಲೈಫ್ ಜಾಕೆಟ್ ಇಲ್ಲದೆ ಇವುಗಳನ್ನು ಆಳದ ನೀರಿಗೆ ಬಿಡಲೇಬಾರದು.

4. ಡ್ಯಾಶ್‌ಹಂಡ್, ಬ್ಯಾಸೆಟ್ ಹೌಂಡ್‌ಗಳದ್ದು ಉದ್ದ ಮೈ, ಗಿಡ್ಡ ಕಾಲು. ಮೈಭಾರಕ್ಕೆ ತಕ್ಕಷ್ಟು ನೀರನ್ನು ಆ ಕಾಲುಗಳು ತಳ್ಳಲಾರವು.

5. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಬಯಲಿನ ಓಟಗಾರ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ದೇಸಿ ನಾಯಿಗಳ ಅಂಚೆಚೀಟಿ ಹೊರತಂದಾಗ ಅದರಲ್ಲಿ ಮುಧೋಳಕ್ಕೂ ಜಾಗವಿತ್ತು. ಆದರೆ ನೀರು ಅದರ ಅಖಾಡವಲ್ಲ. ಸಪೂರ ಮೈಯಲ್ಲಿ ಕೊಬ್ಬು ಕಡಿಮೆ, ಕೂದಲು ಗಿಡ್ಡ, ಹಾಗಾಗಿ ತೇಲುವುದೂ ಕಷ್ಟ, ಚಳಿಯೂ ಬೇಗ ಹತ್ತುತ್ತದೆ.

6. ಲ್ಯಾಬ್ರಡಾರ್‌ನ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ಜೊತೆ ದುಡಿದ ನಾಯಿಗಳು. ನೀರು ಒಳಗಿಳಿಯದ ಎರಡು ಪದರದ ದಟ್ಟ ಕೂದಲು, ಬುಡದಲ್ಲಿ ದಪ್ಪಗಿದ್ದು ಚುಕ್ಕಾಣಿಯ ಕೆಲಸ ಮಾಡುವ ಬಾಲ, ಬೆರಳುಗಳ ನಡುವೆ ಚರ್ಮದ ಪೊರೆ, ಇವೆಲ್ಲ ಆ ತಣ್ಣೀರಿನ ದುಡಿಮೆಗೆ ಒದಗಿಬಂದವು. ನೀರು ಕಂಡ ಲ್ಯಾಬ್ ಹುಚ್ಚೆದ್ದು ಹಾರಿದರೆ ಅದನ್ನು ತುಂಟತನ ಎನ್ನಬೇಡಿ, ರಕ್ತದಲ್ಲೇ ಬಂದದ್ದು.

7. ಬೆರಳ ನಡುವಿನ ಪೊರೆ ಎಲ್ಲ ನಾಯಿಗಳಿಗೂ ಸ್ವಲ್ಪ ಇರುತ್ತದೆ. ನ್ಯೂಫೌಂಡ್‌ಲ್ಯಾಂಡ್, ಲ್ಯಾಬ್ರಡಾರ್‌ಗಳಲ್ಲಿ ಅದು ಎದ್ದು ಕಾಣುವಷ್ಟಿದೆ.

8. ಇಟಲಿಯಲ್ಲಿ ನೀರಿನಿಂದ ಮನುಷ್ಯರನ್ನು ಪಾರುಮಾಡುವ ನಾಯಿಗಳಿಗಾಗಿಯೇ ಒಂದು ಶಾಲೆ ಇದೆ. ಫೆರುಚ್ಚೊ ಪಿಲೆಂಗಾ 1989ರಲ್ಲಿ ಕಟ್ಟಿದ ಆ ಶಾಲೆಯ ನಾಯಿಗಳು ಹೆಲಿಕಾಪ್ಟರ್‌ನಿಂದಲೂ ನೀರಿಗೆ ಹಾರುತ್ತವೆ. ಹುಟ್ಟಿನಿಂದಲೇ ಈಜು ಒಲಿದ ನ್ಯೂಫೌಂಡ್‌ಲ್ಯಾಂಡ್, ಲ್ಯಾಬ್ರಡಾರ್‌ಗಳಿಗೂ ಅಲ್ಲಿ ದೀರ್ಘ ತರಬೇತಿ ಬೇಕಾಗುತ್ತದೆ. ಹೀಗಿರುವಾಗ ನಮ್ಮ ಮನೆಯ ನಾಯಿಗೆ ಪಾಠ ಬೇಡವೇ?

9. ಒಬಾಮ ಕುಟುಂಬದ ಜೊತೆ 2009ರಲ್ಲಿ ಶ್ವೇತಭವನ ಸೇರಿದ 'ಬೋ' ಪೋರ್ಚುಗೀಸ್ ವಾಟರ್ ಡಾಗ್ ತಳಿಯದ್ದು. ಮೀನುಗಳನ್ನು ಬಲೆಯತ್ತ ಅಟ್ಟುವುದು, ದೋಣಿಯಿಂದ ದೋಣಿಗೆ ಸಂದೇಶ ಒಯ್ಯುವುದು ಆ ತಳಿಯ ಕುಲಕಸುಬಾಗಿತ್ತು.

ದಡ ಎಲ್ಲಿದೆ?

10. ಈಜುಕೊಳದಲ್ಲಿ ಸಾಯುವ ಎಷ್ಟೋ ನಾಯಿಗಳಿಗೆ ಈಜು ಬರುತ್ತಿರುತ್ತದೆ. ಅವನ್ನು ಕೊಲ್ಲುವುದು ದಣಿವು. ಬಿದ್ದ ಜಾಗದಲ್ಲೇ ಹತ್ತಲು ನಾಯಿ ಗೋಡೆ ಕೆರೆಯುತ್ತದೆ. ನುಣುಪು ಟೈಲ್ಸ್ ಮೇಲೆ ಉಗುರು ನಿಲ್ಲುವುದಿಲ್ಲ. ಹತ್ತೇ ಅಡಿ ಆಚೆ ಮೆಟ್ಟಿಲಿದ್ದರೂ ಅದಕ್ಕೆ ಹೊಳೆಯುವುದಿಲ್ಲ. ಕೆರೆದು ಕೆರೆದು ಸೋತು ಮುಳುಗುತ್ತದೆ.

11. ಈಜುಕೊಳಕ್ಕೆ ಹಾಕಿದ ನೇರ ಸ್ಟೀಲ್ ಏಣಿ ನಾಯಿಯ ಮಟ್ಟಿಗೆ ಇದ್ದೂ ಇಲ್ಲದಂತೆ. ಅದಕ್ಕೆ ಬೇಕಾದದ್ದು ಅಗಲ ಮೆಟ್ಟಿಲು ಅಥವಾ ಇಳಿಜಾರು ಹಲಗೆ. ಮೆಟ್ಟಿಲಿಲ್ಲದ ಕೊಳಕ್ಕೆ ಸಿಕ್ಕಿಸುವ ತೇಲುವ ರ‍್ಯಾಂಪ್‌ಗಳು ಸಿಗುತ್ತವೆ. ಅದರ ಒಂದು ತುದಿ ದಂಡೆಗೆ ಭದ್ರವಾಗಿ ಬಿಗಿದಿರಬೇಕು, ಇನ್ನೊಂದು ತುದಿ ನೀರಿನೊಳಗೆ ಇಳಿದಿರಬೇಕು.

12. ಹೊರಬರುವುದನ್ನು ಕಲಿಸುವುದು ಹೀಗೆ. ನಾಯಿಗೆ ಹಾರ್ನೆಸ್ ಹಾಕಿ, ಉದ್ದ ಹಗ್ಗ ಕಟ್ಟಿ, ನೀವು ಮೊದಲು ಮೆಟ್ಟಿಲ ಮೇಲೆ ಇಳಿಯಿರಿ. ನಾಯಿ ಮೊದಲ ಮೆಟ್ಟಿಲಿಗೆ ಕಾಲಿಟ್ಟರೆ ಕೂಡಲೇ ಮೇಲೆ ಕರೆದು ಬೇಯಿಸಿದ ಕೋಳಿಯ ಚೂರು ಕೊಡಿ. ಆಮೇಲೆ ಎರಡನೇ ಮೆಟ್ಟಿಲು, ಮತ್ತೆ ಮೇಲೆ. ಕಾಲು ನೆಲ ಬಿಡುವ ಆಳ ಬಂದಾಗ ಹೊಟ್ಟೆಯ ಕೆಳಗೆ ಕೈಯಿಟ್ಟು ಆಧಾರ ಕೊಡಿ, ಮುಖವನ್ನು ಮೆಟ್ಟಿಲ ಕಡೆ ತಿರುಗಿಸಿ. ಅಲ್ಲಿಂದ ಒಂದಡಿ, ಎರಡಡಿ, ಆಮೇಲೆ ಎದುರು ಮೂಲೆ. ಪ್ರತಿ ಸಲವೂ ತಿಂಡಿ ಸಿಗಬೇಕಾದದ್ದು ಮೆಟ್ಟಿಲು ಹತ್ತಿ ನೆಲ ಮುಟ್ಟಿದ ಮೇಲೆಯೇ. ಕೊಳದ ನಾಲ್ಕೂ ಮೂಲೆಯಿಂದ ಬಿಟ್ಟರೂ ನಾಯಿ ನೇರ ಮೆಟ್ಟಿಲಿಗೆ ಬಂದರೆ ಈ ಪಾಠ ಮುಗಿಯಿತು.

13. ಈ ಪಾಠವನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ಮಾಡಿಸಬೇಕು. ಬೇರೆ ಕೊಳಕ್ಕೆ ಹೋದಾಗ ಮೊದಲಿನಿಂದ ಮಾಡಿಸಬೇಕು. ಮನೆಯ ಮೆಟ್ಟಿಲು ಗೊತ್ತಿರುವ ನಾಯಿಗೆ ಹೋಂಸ್ಟೇಯ ಮೆಟ್ಟಿಲು ಗೊತ್ತಿರುವುದಿಲ್ಲ.

14. ನೀರಿನಲ್ಲಿರುವ ನಾಯಿಯ ಕಣ್ಣಿನ ಮಟ್ಟದಿಂದ ಒಳಗಿನ ಮೆಟ್ಟಿಲು ಕಾಣುವುದೇ ಇಲ್ಲ. ಆದ್ದರಿಂದ ಮೆಟ್ಟಿಲಿನ ಪಕ್ಕದಲ್ಲಿ ದೊಡ್ಡ ಹೂಕುಂಡವನ್ನೋ ಕಂಬವನ್ನೋ ಖಾಯಂ ಗುರುತಾಗಿ ಇಡಿ. ಗುರುತಿನ ಜಾಗ ಬದಲಾಗಕೂಡದು.

15. ಆ ಗುರುತು ಕೆಂಪು ಬಣ್ಣದ್ದಾದರೆ ಪ್ರಯೋಜನ ಕಡಿಮೆ. ಜೇ ನೀಟ್ಜ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ ನಾಯಿಯ ಕಣ್ಣಿಗೆ ಬಣ್ಣದ ಗ್ರಾಹಕಗಳು ಎರಡೇ ಬಗೆಯವು. ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು, ಹಸಿರಿನ ಭೇದ ತಿಳಿಯುವುದಿಲ್ಲ. ನೀಲಿ ಟೈಲ್ಸ್‌ನ ಕೊಳಕ್ಕೆ ಹಳದಿ ಗುರುತು, ಹಳದಿ ಆಟಿಕೆ ಒಳ್ಳೆಯದು. ಲೈಫ್ ಜಾಕೆಟ್‌ನ ಕಿತ್ತಳೆ ಬಣ್ಣ ಇರುವುದು ನಮ್ಮ ಕಣ್ಣಿಗಾಗಿ.

16. ಕೊಳದ ಮೇಲೆ ತೇಲುವ ಪ್ಲಾಸ್ಟಿಕ್ ಹೊದಿಕೆ ನಾಯಿಗೆ ನೆಲದಂತೆ ಕಾಣುತ್ತದೆ. ಕಾಲಿಟ್ಟರೆ ಕುಸಿದು ದೇಹಕ್ಕೆ ಸುತ್ತಿಕೊಳ್ಳುತ್ತದೆ, ಮೇಲೆ ಬರಲು ದಾರಿ ಇರುವುದಿಲ್ಲ. ಭಾರ ತಡೆಯುವ, ಅಂಚುಗಳಿಗೆ ಬಿಗಿದ ಹೊದಿಕೆ ಮಾತ್ರ ಸುರಕ್ಷಿತ.

17. ನಾಯಿಯ ಲೈಫ್ ಜಾಕೆಟ್ ಕೊಳ್ಳುವಾಗ ಬೆನ್ನಿನ ಮೇಲಿನ ಹಿಡಿಕೆಯನ್ನು ಎಳೆದು ನೋಡಿ. ಅಪಾಯದ ಹೊತ್ತಿಗೆ ಅದನ್ನು ಹಿಡಿದೇ ನಾಯಿಯನ್ನು ಮೇಲೆತ್ತಬೇಕು. ಹೊಲಿಗೆ ಸಡಿಲವಿದ್ದರೆ ಆ ಜಾಕೆಟ್ ಬೇಡ.

18. ಕೊರಳಿನ ಬೆಲ್ಟ್, ಚೋಕ್ ಚೈನು ನೀರಿನಲ್ಲಿ ಏಣಿಗೋ ಜಾಲರಿಗೋ ಸಿಕ್ಕಿಕೊಳ್ಳಬಹುದು. ನೀರಿಗಿಳಿಸುವ ಮೊದಲು ಬಿಚ್ಚಿ, ಮೈಗೊಪ್ಪುವ ಹಾರ್ನೆಸ್ ಅಥವಾ ಜಾಕೆಟ್ ಹಾಕಿ.

19. ನಮ್ಮ ಹೊಲಗಳ ಕೃಷಿ ಹೊಂಡದಲ್ಲೂ ಇದೇ ಅಪಾಯ ಕಾದಿದೆ. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ನಾಯಿಯಿರಲಿ, ಈಜು ಬಲ್ಲ ಆಳೂ ಹತ್ತಲಾರ. ಸುತ್ತ ತಂತಿಬೇಲಿ ಇರಲೇಬೇಕು. ಅದರ ಜೊತೆಗೆ ದಂಡೆಯ ಗೂಟಕ್ಕೆ ಕಟ್ಟಿದ ಹಗ್ಗದಲ್ಲಿ ಹಳೇ ಟೈರುಗಳನ್ನು ಸಾಲಾಗಿ ಪೋಣಿಸಿ ನೀರಿನವರೆಗೆ ಇಳಿಬಿಟ್ಟರೆ, ಬಿದ್ದ ಜೀವಕ್ಕೆ ಕಾಲೂರಲು ಒಂದು ಆಸರೆ ಸಿಗುತ್ತದೆ.

20. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಮನೆಯ ಈಜುಕೊಳಗಳಿಗೆಂದೇ 1992ರ ಕಾಯಿದೆಯಿದೆ. ಅಲ್ಲಿನ ಬೇಲಿ ಸಾಮಾನ್ಯವಾಗಿ 1.2 ಮೀಟರ್ ಎತ್ತರ ಇರಬೇಕು, ಗೇಟು ತಾನಾಗಿ ಮುಚ್ಚಿಕೊಳ್ಳಬೇಕು. ಫ್ರಾನ್ಸ್ 2003ರಲ್ಲಿ ಖಾಸಗಿ ಕೊಳಗಳಿಗೂ ಸುರಕ್ಷಾ ಸಾಧನ ಕಡ್ಡಾಯ ಮಾಡುವ ಕಾನೂನು ತಂದಿತು. ಇವೆಲ್ಲ ಮಕ್ಕಳಿಗಾಗಿ ಬಂದ ನಿಯಮಗಳು. ಅವುಗಳಿಂದ ಬದುಕಿಕೊಂಡ ನಾಯಿಗಳೂ ಕಡಿಮೆಯಿರಲಾರವು.

21. ಹಿತ್ತಿಲ ಬಾಗಿಲಲ್ಲಿ ನಾಯಿ ಓಡಾಡಲು ಕಿಂಡಿ ಇದ್ದು, ಅದು ನೇರ ಕೊಳದತ್ತ ತೆರೆದುಕೊಂಡರೆ ಅಪಾಯ ನಾಯಿಗೊಂದಕ್ಕೇ ಅಲ್ಲ. ನಾಯಿ ತೂರುವ ಕಿಂಡಿಯಲ್ಲಿ ಅಂಬೆಗಾಲಿಡುವ ಮಗುವೂ ತೂರುತ್ತದೆ.

22. ನೀರು ತಾಗಿದ ಕೂಡಲೇ ಮನೆಯೊಳಗೆ ಸೈರನ್ ಕೂಗಿಸುವ ಕೊರಳಪಟ್ಟಿಗಳು ಬಂದಿವೆ. ಕುರುಡು ನಾಯಿ, ಮುದಿ ನಾಯಿ, ಮೂರ್ಛೆರೋಗದ ನಾಯಿ ಇರುವ ಮನೆಗೆ ಇದು ಉಪಯುಕ್ತ. ಆದರೂ ಬೇಲಿಗೆ ಬೇಲಿಯೇ ಸಾಟಿ.

ಬೊಗಳುವ, ಸುತ್ತುವ, ಹಾರುವ ನಾಯಿ

23. ಮಕ್ಕಳು ಈಜುವಾಗ ಕೆಲವು ನಾಯಿಗಳು ದಂಡೆಯ ಸುತ್ತ ಓಡುತ್ತಾ ಬೊಗಳುವುದೇಕೆ? ಬಾರ್ಡರ್ ಕಾಲಿ, ಜರ್ಮನ್ ಶೆಫರ್ಡ್‌ಗಳಂಥ ತಳಿಗಳನ್ನು ಮನುಷ್ಯ ಬೆಳೆಸಿದ್ದೇ ಚದುರಿದ ಕುರಿಗಳನ್ನು ಒಟ್ಟುಮಾಡಲು. ನೀರಿನಲ್ಲಿ ಅತ್ತಿತ್ತ ಚದುರಿ ಕಿರುಚುವ ಮಕ್ಕಳನ್ನು ಕಂಡರೆ ಆ ಹಳೇ ಕೆಲಸ ನೆನಪಾಗುತ್ತದೆ. ಬೈದರೆ ಹೋಗುವ ಗುಣವಲ್ಲ ಇದು. ಅದಕ್ಕೆ ಬೇರೊಂದು ಕೆಲಸ ಕೊಡಬೇಕು.

24. ನೀವು "ಏಯ್, ಸುಮ್ನಿರು!" ಎಂದು ದಂಡೆಯಿಂದ ಕೂಗಿದಷ್ಟೂ ನಾಯಿ ಹೆಚ್ಚು ಬೊಗಳುತ್ತದೆ. ಗದ್ದಲಕ್ಕೆ ನಿಮ್ಮ ದನಿಯೂ ಸೇರಿತು, ಅಷ್ಟೇ ಅದಕ್ಕೆ ತಿಳಿಯುವುದು.

25. ಮುಳುಗುವವರನ್ನು ನಾಯಿ ಕಾಪಾಡುತ್ತದೆ ಎಂಬ ನಂಬಿಕೆಯ ಮೇಲೆ ಮಗುವನ್ನು ಬಿಡಬೇಡಿ. ತರಬೇತಿ ಇಲ್ಲದ ನಾಯಿ ಈಜುವವರ ಹೆಗಲ ಮೇಲೆ ಹತ್ತಲು ನೋಡುತ್ತದೆ. ಅದರ ಮುಂಗಾಲಿನ ಉಗುರು ಬೆನ್ನು, ಮುಖ ಗೀರುತ್ತದೆ. ಅದರ ಭಾರಕ್ಕೆ ಸಣ್ಣ ಮಗು ಮುಳುಗಿಯೇಬಿಡಬಹುದು.

26. ಆರು ದಿನ "ಬೇಡ" ಎಂದು ತಡೆದು, ಏಳನೇ ದಿನ "ಪಾಪ, ಹೋಗ್ಲಿ ಬಿಡು" ಎಂದು ನೀರಿಗೆ ಬಿಟ್ಟರೆ ಏನಾಗುತ್ತದೆ? ಫರ್ಸ್ಟರ್ ಮತ್ತು ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು 1957ರ ತಮ್ಮ ದೊಡ್ಡ ಗ್ರಂಥದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಆಗೊಮ್ಮೆ ಈಗೊಮ್ಮೆ ಫಲ ಸಿಗುವ ವರ್ತನೆ, ಪ್ರತಿ ಸಲ ಫಲ ಸಿಕ್ಕ ವರ್ತನೆಗಿಂತ ಗಟ್ಟಿಯಾಗಿ ಬೇರೂರುತ್ತದೆ. ಬೊಗಳಿದರೆ ಒಂದಲ್ಲ ಒಂದು ದಿನ ಬಿಡುತ್ತಾರೆ ಎಂದು ನಾಯಿ ಕಲಿಯುತ್ತದೆ. ಅಪ್ಪ, ಅಮ್ಮ, ಅಜ್ಜಿ, ಮಕ್ಕಳು ಎಲ್ಲರದ್ದೂ ಒಂದೇ ನಿಯಮ ಇರಲಿ.

27. ಆ ನಿಯಮ ಸರಳ. ಹೇಳದೆ ನೀರಿಗಿಲ್ಲ. ನಾಯಿ ದಂಡೆಯಿಂದ ದೂರ ಕೂತು ನಿಮ್ಮ ಮುಖ ನೋಡಬೇಕು, ನೀವು "ಹೋಗು" ಎಂದಮೇಲೆ ಮೆಟ್ಟಿಲಿನಿಂದಲೇ ಇಳಿಯಬೇಕು. ಕನ್ನಡವೋ ಇಂಗ್ಲಿಷೋ, ಮಾತು ಯಾವುದಾದರೂ ಸರಿ, ಮನೆಯವರೆಲ್ಲ ಅದೇ ಮಾತು ಬಳಸಬೇಕು.

28. ಬೊಗಳುವ ನಾಯಿಗೆ ಚಾಪೆಯ ಪಾಠ ಹೇಳಿಕೊಡಿ. ಕೊಳದಿಂದ ಇಪ್ಪತ್ತಡಿ ದೂರ, ನೆರಳಿನಲ್ಲಿ ಒಂದು ಚಾಪೆ ಹಾಕಿ. ಮೊದಲ ದಿನ ನೀರಿನಲ್ಲಿ ಯಾರೂ ಬೇಡ. ಚಾಪೆಯ ಮೇಲೆ ಮಲಗಿದರೆ ತಿಂಡಿ, ಅಷ್ಟೇ. ಮುಂದೆ ಒಬ್ಬರು ದಂಡೆಯಲ್ಲಿ ಕೂತು ಕಾಲು ಇಳಿಬಿಡಲಿ. ನಾಯಿ ಏಳದಿದ್ದರೆ ತಿಂಡಿ. ಮತ್ತೆ ಒಬ್ಬರು ಸದ್ದಿಲ್ಲದೆ ಇಳಿಯಲಿ, ಆಮೇಲೆ ಈಜಲಿ, ಆಮೇಲೆ ನಗಲಿ, ಕಿರುಚಲಿ. ಎಲ್ಲಕ್ಕಿಂತ ಕೊನೆಗೆ ಧುಮುಕಲಿ. ನಾಯಿ ಎದ್ದು ಓಡಿತೆಂದರೆ ನೀವು ಅವಸರ ಮಾಡಿದಿರಿ ಎಂದರ್ಥ. ಒಂದು ಹಂತ ಹಿಂದೆ ಹೋಗಿ. ಒಂದು ಸಲಕ್ಕೆ ಐದು ನಿಮಿಷ ಸಾಕು. ಈ ದಿನಗಳಲ್ಲಿ ನಾಯಿ ಹಗ್ಗದಲ್ಲೇ ಇರಬೇಕು, ಹಗ್ಗ ಹಿಡಿದವರು ಬೇರೆ ಕೆಲಸ ಮಾಡಬಾರದು.

29. ತಿಂಡಿ ಕೊಡುವಾಗ ಚೂರನ್ನು ಚಾಪೆಯ ಮೇಲೇ ಇಡಿ. ಕೈಯಿಂದ ಕೊಟ್ಟರೆ ನಾಯಿ ನಿಮ್ಮತ್ತ ಏಳಲು ಕಲಿಯುತ್ತದೆ.

30. ಹೊಡೆದು, ಚೈನು ಜಗ್ಗಿ ಕಲಿಸಿದರೆ ಬೇಗ ಕಲಿಯುತ್ತದೆ ಎನ್ನುವವರಿದ್ದಾರೆ. ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಿಕ್ಷೆ ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚು ಕಂಡವು. ತರಬೇತಿಯ ನಂತರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಕೂಡ ಏರಿತ್ತು. ನೀರಿನ ಪಕ್ಕದಲ್ಲಿ ಹೆದರಿದ ನಾಯಿ ಎತ್ತ ಹಾರುತ್ತದೆಂದು ಯಾರೂ ಹೇಳಲಾರರು.

31. "ಎತ್ತಿ ಎಸೆದರೆ ತಾನೇ ಕಲಿಯುತ್ತೆ" ಎನ್ನುವುದು ಕ್ರೌರ್ಯ. ಹಾಗೆ ಎಸೆದ ನಾಯಿ ಕಲಿಯುವುದು ಎರಡು ಸಂಗತಿ: ನೀರಿಗೆ ಹೆದರುವುದು, ನಿಮ್ಮ ಕೈಗೆ ಹೆದರುವುದು.

32. ನೀರು ಬೇಡ ಎನ್ನುವ ನಾಯಿಗೆ ನೀರು ಬೇಡವೆಂದೇ ಬಿಡಿ. ಆದರೆ ಮೆಟ್ಟಿಲಿನ ಪಾಠ ಅದಕ್ಕೂ ಬೇಕು. ಬೀಳುವ ನಾಯಿ ಇಷ್ಟಪಟ್ಟು ಬೀಳುವುದಿಲ್ಲ.

33. ಮರಿಗಳಿಗೆ ಮೊದಲ ಕೊಳ ಪ್ಲಾಸ್ಟಿಕ್ ಟಬ್ಬು. ಹೊಟ್ಟೆ ಮುಟ್ಟದಷ್ಟು ನೀರು, ಒಂದು ಆಟಿಕೆ, ಎರಡು ನಿಮಿಷ ಸಾಕು.

34. ಮೈ ಕೊಡವುವ ನಾಯಿಯನ್ನು ಬೈಯಬೇಡಿ. ಜಾರ್ಜಿಯಾ ಟೆಕ್ ಸಂಸ್ಥೆಯ ಸಂಶೋಧಕರು 2012ರಲ್ಲಿ ತೋರಿಸಿದಂತೆ ಕೂದಲುಳ್ಳ ಪ್ರಾಣಿಗಳು ಕ್ಷಣಮಾತ್ರದಲ್ಲಿ ಮೈಮೇಲಿನ ನೀರಿನ ಶೇ. 70ರಷ್ಟನ್ನು ಹಾರಿಸಬಲ್ಲವು. ಇಲಿಯಂಥ ಸಣ್ಣವು ಅತಿವೇಗವಾಗಿ ಕೊಡವುತ್ತವೆ, ದೊಡ್ಡ ನಾಯಿ ಸೆಕೆಂಡಿಗೆ ನಾಲ್ಕೈದು ಸಲ. ಆದರೆ ಆ ನೀರು ಬೀಳುವುದು ಮಕ್ಕಳು ಓಡಾಡುವ ಟೈಲ್ಸ್ ಮೇಲೆ. ಕೊಡವಲು ಹುಲ್ಲಿನ ಜಾಗಕ್ಕೆ ಕರೆದೊಯ್ಯುವ ಅಭ್ಯಾಸ ಮಾಡಿಸಿ.

ನೀರಿನೊಳಗೆ ಏನಿದೆ?

35. ಕೊಳದ ನೀರಿನಲ್ಲಿ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8 ಇದ್ದರೆ ಮನುಷ್ಯರಿಗೂ ನಾಯಿಗೂ ಸಾಮಾನ್ಯವಾಗಿ ತೊಂದರೆಯಿಲ್ಲ. ಅಪಾಯ ಇರುವುದು ಪಂಪ್ ಕೋಣೆಯಲ್ಲಿ. ಅಲ್ಲಿನ ಕ್ಲೋರಿನ್ ಬಿಲ್ಲೆ, ಬ್ಲೀಚಿಂಗ್ ಪೌಡರ್, ಆಸಿಡ್ ಕ್ಯಾನು ನಾಯಿಯ ಬಾಯಿ, ಗಂಟಲು ಸುಡುತ್ತವೆ. ಆ ಬಾಗಿಲಿಗೆ ಬೀಗ ಇರಲಿ.

36. ಮೂಗಿಗೆ ಅಡರುವ 'ಕ್ಲೋರಿನ್ ವಾಸನೆ' ನೀರು ಶುದ್ಧವಾಗಿದೆ ಎಂಬುದರ ಗುರುತಲ್ಲ. ಬೆವರು, ಮೂತ್ರ, ಕೊಳೆಯ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ಗಳ ವಾಸನೆ ಅದು.

37. 'ಉಪ್ಪುನೀರಿನ ಪೂಲ್' ಎಂದರೆ ಕ್ಲೋರಿನ್ ಇಲ್ಲದ್ದು ಎಂದುಕೊಳ್ಳಬೇಡಿ. ಅಲ್ಲಿ ವಿದ್ಯುತ್ತಿನಿಂದ ಉಪ್ಪನ್ನು ಒಡೆದು ಕ್ಲೋರಿನ್ ತಯಾರಿಸುತ್ತಾರೆ. ಉಪ್ಪಿನಂಶ ಸಮುದ್ರದ ನೀರಿನ ಸುಮಾರು ಹತ್ತನೇ ಒಂದು ಭಾಗ.

38. ನಾಯಿ ಕೊಳದಲ್ಲಿ ಮಲ ಮಾಡಿದರೆ ಎಲ್ಲರೂ ಹೊರಬರಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ 1 ಪಿಪಿಎಂ ಕ್ಲೋರಿನ್‌ಗೆ, ಮಲದಲ್ಲಿರಬಹುದಾದ ರೋಗಾಣುಗಳ ಪೈಕಿ ಇ-ಕೊಲೈ ಒಂದು ನಿಮಿಷದೊಳಗೆ ಸಾಯುತ್ತದೆ, ಜಿಯಾರ್ಡಿಯಾಗೆ ಸುಮಾರು 45 ನಿಮಿಷ ಬೇಕು, ಕ್ರಿಪ್ಟೊಸ್ಪೊರಿಡಿಯಂಗೆ ಹತ್ತು ದಿನಕ್ಕೂ ಹೆಚ್ಚು. ಈಜಿಗೆ ಮೊದಲು ನಾಯಿಯನ್ನು ಹೊರಗೆ ಸುತ್ತಾಡಿಸಿ ತರುವುದು ಅರ್ಧ ಸಮಸ್ಯೆ ತಪ್ಪಿಸುತ್ತದೆ.

39. ಕೊಳದ ಪಕ್ಕದಲ್ಲಿ ಯಾವಾಗಲೂ ಒಂದು ಬಟ್ಟಲು ಕುಡಿಯುವ ನೀರಿಡಿ. ಬಾಯಾರಿದ ನಾಯಿಗೆ ಅದು ಕಾಣದಿದ್ದರೆ ಕೊಳವೇ ಗತಿ.

40. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರದ ಭಯ ನಾಯಿಗೂ ಇದೆ. ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಹರಡುವ ಲೆಪ್ಟೊಸ್ಪೈರಾ ನಾಯಿಯ ಮೂತ್ರಪಿಂಡ, ಯಕೃತ್ತನ್ನು ಕೆಡಿಸುತ್ತದೆ, ಅದರ ಮೂತ್ರದಿಂದ ಮನೆಯವರಿಗೂ ತಗಲಬಹುದು. ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ. ನಿರ್ವಹಣೆ ಇಲ್ಲದೆ ಬಿಟ್ಟ ಕೊಳಕ್ಕೆ ನಾಯಿಯನ್ನು ಇಳಿಸಬೇಡಿ.

41. ಕೆರೆಯ ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಕೆನೆ ಕಟ್ಟಿದ್ದರೆ ಹತ್ತಿರವೂ ಬಿಡಬೇಡಿ. ಹಾಗೆ ಕೆನೆ ಕಟ್ಟುವ ಸಯನೊಬ್ಯಾಕ್ಟೀರಿಯಾದ ಕೆಲವು ಬಗೆಗಳು ವಿಷ ಕಾರುತ್ತವೆ. ಮೈಗಂಟಿದ್ದನ್ನು ನೆಕ್ಕಿದರೂ ನಾಯಿ ಗಂಟೆಗಳಲ್ಲಿ ಸಾಯಬಹುದು.

ನಾಯಿಯ ಮೈ ಏನು ಹೇಳುತ್ತದೆ?

42. ನೀರು ಕುಡಿದೂ ನಾಯಿ ಸಾಯಬಹುದು! ಚೆಂಡು ಕಚ್ಚಿ ತರುವಾಗ, ಪೈಪಿನ ನೀರನ್ನು ಬಾಯಿಯಿಂದ ಹಿಡಿಯುವ ಆಟವಾಡುವಾಗ ಒಂದೇ ಸಮನೆ ನೀರು ಒಳಹೋಗಿ ರಕ್ತದ ಸೋಡಿಯಂ ಕುಸಿಯುತ್ತದೆ, ಮಿದುಳು ಊದುತ್ತದೆ. ವಾಂತಿ, ಜೊಲ್ಲು, ಉಬ್ಬಿದ ಹೊಟ್ಟೆ, ತೂರಾಡುವ ನಡಿಗೆ, ಮಂಕಾದ ಕಣ್ಣು ಇದರ ಲಕ್ಷಣ. ತಡಮಾಡದೆ ಪಶುವೈದ್ಯರ ಬಳಿ ಓಡಿ. ಮನೆಯಲ್ಲಿ ಉಪ್ಪು ತಿನ್ನಿಸುವ ಪ್ರಯೋಗ ಬೇಡ.

43. ಅದಕ್ಕಾಗಿಯೇ ದಪ್ಪ ಚೆಂಡಿಗಿಂತ ಚಪ್ಪಟೆ ಆಟಿಕೆ ಮೇಲು. ಬಾಯಿ ಕಡಿಮೆ ತೆರೆಯುತ್ತದೆ, ನೀರು ಕಡಿಮೆ ಒಳಹೋಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮೇಲೆ ಕರೆದು ವಿಶ್ರಾಂತಿ ಕೊಡಿ. ಆಟದ ಹುಚ್ಚು ಹಿಡಿದ ಲ್ಯಾಬ್ "ಸಾಕು" ಎನ್ನುವುದಿಲ್ಲ, ನೀವೇ ಹೇಳಬೇಕು.

44. ಈಜಿದ ಮರುದಿನ ಬಾಲ ಬುಡದಿಂದಲೇ ಜೋತುಬಿದ್ದರೆ ಮುರಿದಿದೆ ಎಂದು ಗಾಬರಿಯಾಗಬೇಡಿ. ಬಾಲದ ಸ್ನಾಯುಗಳ ಈ ನೋವು ಲ್ಯಾಬ್ರಡಾರ್, ಪಾಯಿಂಟರ್‌ಗಳಲ್ಲಿ ಹೆಚ್ಚು. ಎಡಿನ್‌ಬರೋದ ಸಂಶೋಧಕರು 2016ರಲ್ಲಿ ಲ್ಯಾಬ್ರಡಾರ್‌ಗಳ ಅಧ್ಯಯನದಲ್ಲಿ ಈಜು ಮತ್ತು ಚಳಿ ಪ್ರದೇಶಕ್ಕೂ ಇದಕ್ಕೂ ನಂಟು ಕಂಡರು. ಸಾಮಾನ್ಯವಾಗಿ ವಿಶ್ರಾಂತಿಯಿಂದ ಕೆಲವೇ ದಿನಗಳಲ್ಲಿ ವಾಸಿಯಾಗುತ್ತದೆ. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ.

45. ನಾಯಿಯ ಕಿವಿಯ ನಾಳ ಕೆಳಗಿಳಿದು ಒಳಕ್ಕೆ ತಿರುಗುತ್ತದೆ. ಒಳಹೋದ ನೀರು ಆ ತಿರುವಿನಲ್ಲಿ ನಿಂತು ಸೋಂಕು ಹುಟ್ಟುತ್ತದೆ, ಜೋಲುಕಿವಿಯ ಕಾಕರ್ ಸ್ಪ್ಯಾನಿಯೆಲ್‌ನಲ್ಲಂತೂ ಬೇಗ. ಈಜಾದ ಮೇಲೆ ಸಿಹಿನೀರಿನಲ್ಲಿ ಮೈ ತೊಳೆದು, ಕಿವಿಯ ಒಳಮೈ ಬಟ್ಟೆಯಿಂದ ಒರೆಸಿ. ಇಯರ್ ಬಡ್ ತೂರಿಸಬೇಡಿ.

46. ಒಳಪದರ ನೆನೆದ ದಟ್ಟ ಕೂದಲು ಒದ್ದೆ ಕಂಬಳಿಯಂತೆ ಮೈಗಂಟಿ ಕೂರುತ್ತದೆ. ಬುಡದವರೆಗೆ ಒಣಗಿಸದಿದ್ದರೆ ಚರ್ಮ ಕೆಂಪಾಗಿ ರಸಿಕೆ ಸುರಿಯುವ ಹುಣ್ಣಾಗುತ್ತದೆ.

47. ನಿಮ್ಮ ಅಂಗೈಯ ಹಿಂಬದಿಯನ್ನು ದಂಡೆಯ ಕಲ್ಲಿನ ಮೇಲಿಡಿ. ಏಳು ಸೆಕೆಂಡ್ ತಡೆಯಲಾಗದಿದ್ದರೆ ನಾಯಿಯ ಪಾದವೂ ತಡೆಯದು.

48. ನಮ್ಮ ಸನ್‌ಸ್ಕ್ರೀನ್ ನಾಯಿಗೆ ಹಚ್ಚಬೇಡಿ. ಅದರಲ್ಲಿರಬಹುದಾದ ಝಿಂಕ್ ಆಕ್ಸೈಡ್ ನೆಕ್ಕಿದರೆ ವಿಷ.

49. ನಾಯಿಯ ಸಹಜ ತಾಪಮಾನ 38ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಕುತ್ತು. ಬಿಸಿಲಿಗೆ ಬಸವಳಿದು ತೂರಾಡುವ ನಾಯಿಯನ್ನು ಕೊಳಕ್ಕೆ ಇಳಿಸಬೇಡಿ, ಅದು ಮುಳುಗಬಹುದು. ನೆರಳಿನಲ್ಲಿ ಮಲಗಿಸಿ ತಣ್ಣೀರು ಸುರಿಯಿರಿ, ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ ಹೊರಡಿ.

50. ಇದೇ ನೀರು ಔಷಧವೂ ಹೌದು. ಸಂಧಿವಾತದ ಮುದಿ ನಾಯಿಗೆ, ಮೊಣಕಾಲಿನ ಶಸ್ತ್ರಚಿಕಿತ್ಸೆ ಆದ ನಾಯಿಗೆ ನೀರಿನೊಳಗಿನ ಟ್ರೆಡ್‌ಮಿಲ್ ಮೇಲೆ ನಡೆಸುವ ಚಿಕಿತ್ಸೆ ಇದೆ. ಮೈಭಾರವನ್ನು ನೀರು ಹೊರುವುದರಿಂದ ಕೀಲಿಗೆ ನೋವಿಲ್ಲದೆ ಸ್ನಾಯು ಬಲಿಯುತ್ತದೆ.

ಮುಳುಗಿದಾಗ

51. ಮುಳುಗುವ ನಾಯಿ ಬೊಗಳುವುದಿಲ್ಲ. ಮೂಗು ಮೇಲಿಡುವುದರಲ್ಲೇ ಅದರ ಶಕ್ತಿಯೆಲ್ಲ ಮುಗಿದಿರುತ್ತದೆ. ಆದ್ದರಿಂದ ಕಿವಿ ನಂಬಿ ಕೂರಬೇಡಿ. ಒಬ್ಬರ ಕಣ್ಣು ಸದಾ ನೀರಿನ ಮೇಲಿರಲಿ, ಆ ಹೊತ್ತು ಅವರ ಕೈಯಲ್ಲಿ ಮೊಬೈಲ್ ಬೇಡ.

52. ಉಸಿರಾಡದ, ಪ್ರತಿಕ್ರಿಯೆಯಿಲ್ಲದ ನಾಯಿಗೂ ಸಿಪಿಆರ್ ಇದೆ. ಪಶುವೈದ್ಯರ 'ರಿಕವರ್' ಮಾರ್ಗಸೂಚಿ 2012ರಲ್ಲಿ ಬಂದು 2024ರಲ್ಲಿ ಪರಿಷ್ಕೃತವಾಯಿತು. ನಾಯಿಯನ್ನು ಗಟ್ಟಿ ನೆಲದ ಮೇಲೆ ಪಕ್ಕಕ್ಕೆ ಮಲಗಿಸಿ, ಎದೆಯ ಅಗಲದ ಮೂರನೇ ಒಂದರಿಂದ ಅರ್ಧದಷ್ಟು ತಗ್ಗುವಂತೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. ಪ್ರತಿ 30 ಒತ್ತುಗಳಿಗೆ, ಬಾಯಿ ಬಿಗಿಯಾಗಿ ಮುಚ್ಚಿ ಮೂಗಿನ ಮೂಲಕ 2 ಉಸಿರು ಊದಿ. ದುಂಡು ಎದೆಯ ದೊಡ್ಡ ನಾಯಿಗೆ ಎದೆಯ ಅತಿ ಉಬ್ಬಿದ ಭಾಗದಲ್ಲಿ, ಮುಧೋಳದಂಥ ಕಿರಿದಾದ, ಆಳದ ಎದೆಯದಕ್ಕೆ ಮೊಣಕೈ ಹಿಂದೆ ಹೃದಯದ ಮೇಲೆಯೇ ಒತ್ತಬೇಕು. ಒಬ್ಬರು ಒತ್ತುತ್ತಿರುವಾಗಲೇ ಇನ್ನೊಬ್ಬರು ಕಾರು ತೆಗೆಯಲಿ.

53. ಎದ್ದು ಬಾಲ ಅಲ್ಲಾಡಿಸಿದರೂ ಆಸ್ಪತ್ರೆ ತಪ್ಪಿಸಬೇಡಿ. ಶ್ವಾಸಕೋಶಕ್ಕೆ ಹೋದ ನೀರು ಗಂಟೆಗಳ ನಂತರ ಉಸಿರು ಕಟ್ಟಿಸಬಹುದು. ಕೆಮ್ಮು, ಏದುಸಿರು, ನೀಲಿ ಒಸಡು ಕಾಣುವವರೆಗೆ ಕಾಯಬಾರದು.

54. ಕೊನೆಯ ಮಾತು, ಈ ಭಾನುವಾರಕ್ಕೆ. ನಿಮ್ಮ ನಾಯಿ ಕೊಳದ ಯಾವ ಮೂಲೆಯಿಂದ ಬಿಟ್ಟರೂ ತಾನೇ ಮೆಟ್ಟಿಲು ಹುಡುಕಿ ಮೇಲೆ ಬರುತ್ತದೆಯೇ? "ಹೋಗು" ಎನ್ನುವವರೆಗೆ ಕಾಯುತ್ತದೆಯೇ? ಮನೆಯಲ್ಲಿ ಯಾರೂ ಇಲ್ಲದಾಗ ಕೊಳದ ಗೇಟು ತಾನಾಗಿ ಮುಚ್ಚಿಕೊಳ್ಳುತ್ತದೆಯೇ? ಈ ಮೂರರಲ್ಲಿ ಒಂದಕ್ಕೆ ಉತ್ತರ "ಇಲ್ಲ" ಎಂದಾದರೂ ಅದು ಸರಿಯಾಗುವವರೆಗೆ ನಾಯಿ ಹಗ್ಗದಲ್ಲೇ ಇರಲಿ. ನಮ್ಮನ್ನು ನಂಬಿ ನೀರಿಗಿಳಿಯುವ ಪ್ರಾಣಿಗೆ ಅಷ್ಟು ಮಾಡುವುದು ನಮ್ಮ ಹೊಣೆ.